ಬೀಗಿತ್ತಿಯ ಜೊತೆ ನೀರಿಗಿಳಿದದ್ದು

ಮಗಳ ಮದುವೆಯಾದ ಹದಿನೈದು ದಿನಕ್ಕೆ ಗಾಳಿಬೀಡಿನ ಬೀಗರ ಮನೆಗೆ ಊಟಕ್ಕೆ ಹೋದೆವು. ನಾನು, ನನ್ನ ಯಜಮಾನರು ಮತ್ತು ಎಂಬತ್ತು ದಾಟಿದ ನನ್ನ ಅತ್ತೆ. ನಾವು ಮಾದಾಪುರದಲ್ಲಿ ಪೈಪು, ನಲ್ಲಿ, ಸ್ಪ್ರಿಂಕ್ಲರ್ ಸಾಮಾನು ಮಾರುವ ಹಾರ್ಡ್‌ವೇರ್ ಅಂಗಡಿಯವರು. ಅವರು ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ ಇಟ್ಟುಕೊಂಡ ಅರೆಭಾಷೆ ಗೌಡರು. ಮಗಳು ತಾನೇ ಮೆಚ್ಚಿ ಆರಿಸಿಕೊಂಡ ಮನೆ ಅದು. ನಾವು ಲಿಂಗಾಯತರು, ಮಾಂಸ ಮುಟ್ಟುವವರಲ್ಲ ಎಂದು ಬೀಗಿತ್ತಿ ಆ ದಿನದ ಅಡುಗೆಗೆ ಅಂಗಡಿಯಿಂದ ಹೊಸ ಪಾತ್ರೆಗಳನ್ನೇ ತಂದು, ಅವುಗಳ ಮೇಲಿನ ಸ್ಟಿಕ್ಕರನ್ನು ನಮ್ಮೆದುರೇ ಕಿತ್ತಿದ್ದರು. ಅದನ್ನು ನೋಡಿ ನನ್ನ ಅತ್ತೆಯ ಮುಖ ಅರಳಿತ್ತು.

ಊಟವಾದ ಮೇಲೆ ಅತ್ತೆ ಕೈ ತೊಳೆಯಲು ಹಿತ್ತಲ ಕಡೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಆ ಮುಖದ ಕಳೆ ಹೋಗಿತ್ತು. ಎಲೆ ಅಡಿಕೆಯನ್ನೂ ಬೇಡ ಎಂದರು. ಕಾರು ಮಡಿಕೇರಿ ದಾಟಿದ ಮೇಲೆ ಒಮ್ಮೆಗೇ ಹೇಳಿದರು.

"ಅಲ್ಲ ಕಣೇ, ನಿಮ್ಮ ಬೀಗಿತ್ತಿಗೆ ಉಸಿರಾಟದ ಸೀಕು ಐತೆ. ಮುಚ್ಚಿಟ್ಟು ಮದ್ವೆ ಮಾಡವ್ರೆ."

"ಯಾರು ಹೇಳಿದ್ದು ಅತ್ತೆ?"

"ಹೇಳೋದ್ಯಾಕೆ, ನಾನೇ ಕಣ್ಣಾರೆ ನೋಡ್ದೆ. ಹಿತ್ತಲ ರೂಮಲ್ಲಿ ಎರಡು ಆಕ್ಸಿಜನ್ ಸಿಲಿಂಡರ್ ಐತೆ. ಕೊಳವೆ ಐತೆ, ಬಾಯಿಗೆ ಹಾಕ್ಕೊಳೋದು ಐತೆ. ಒಂದಲ್ಲ, ಎರಡೆರಡು!"

ಯಜಮಾನರು ಗಾಡಿ ನಿಲ್ಲಿಸಿಯೇ ಬಿಟ್ಟರು. ಬೀಗಿತ್ತಿ ಅರವತ್ತರ ಹೆಂಗಸು. ಗಂಡ ತೀರಿಕೊಂಡ ಮೇಲೆ ಗಲ್ಫಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಬಹಳ ವರ್ಷ ನರ್ಸಾಗಿ ದುಡಿದು, ಮಗನನ್ನು ಓದಿಸಿ, ನಿವೃತ್ತಿಯಾಗಿ ಊರಿಗೆ ಬಂದವರು. ಮದುವೆಯ ದಿನ ಛತ್ರದ ಮೆಟ್ಟಿಲನ್ನು ನಮ್ಮೆಲ್ಲರಿಗಿಂತ ಚುರುಕಾಗಿ ಹತ್ತಿ ಇಳಿದಿದ್ದರು. ಅಂಥವರಿಗೆ ಉಸಿರಾಟದ ತೊಂದರೆಯೇ? ನಾನು ಅಲ್ಲೇ ಮಗಳಿಗೆ ಫೋನು ಮಾಡಿ, ಹೇಗೆ ಕೇಳುವುದೆಂದು ತಿಳಿಯದೆ, "ನಿಮ್ಮತ್ತೆ ಆರೋಗ್ಯ ಹೇಗಿದೆ?" ಎಂದೆ. ಈಗಷ್ಟೇ ನೋಡಿ ಬಂದವರ ಆರೋಗ್ಯವನ್ನು ಯಾಕೆ ವಿಚಾರಿಸುತ್ತೀಯ ಎಂದು ಅವಳು ಬಾಯಿ ಬಿಡಿಸಿದಳು. ವಿಷಯ ಹೇಳಿದ್ದೇ ತಡ, ಫೋನಿನಲ್ಲಿ ಅವಳ ನಗು ನಿಲ್ಲಲೇ ಇಲ್ಲ.

"ಅಮ್ಮ, ಅದು ಆಕ್ಸಿಜನ್ ಅಲ್ಲ, ಬರೀ ಗಾಳಿ. ಅತ್ತೆ ಸ್ಕೂಬಾ ಡೈವಿಂಗ್ ಮಾಡ್ತಾರೆ. ನೀರೊಳಗೆ!"

ನನ್ನ ಅತ್ತೆಗೆ ಈ ವಿವರಣೆ ರೋಗಕ್ಕಿಂತ ಕೆಟ್ಟದಾಗಿ ಕೇಳಿಸಿತು. ನನಗೆ ಮಾತ್ರ ಕುಣಿಯುವಷ್ಟು ಖುಷಿಯಾಯಿತು. ಯಾಕೆಂದರೆ ನಾನೂ ಡೈವಿಂಗ್ ಮಾಡಿದವಳು, ಅಥವಾ ಹಾಗೆಂದು ಅಂದುಕೊಂಡಿದ್ದವಳು. ಚಿಕ್ಕವಳಿದ್ದಾಗ ತವರಿನ ತೋಟದ ಕೆರೆಯಲ್ಲಿ ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಈಜು ಕಲಿತಿದ್ದೆ. ಎರಡು ವರ್ಷದ ಹಿಂದೆ ನಮ್ಮೂರಿನ ಹೆಂಗಸರ ಗುಂಪು ಮುರ್ಡೇಶ್ವರಕ್ಕೆ ಪ್ರವಾಸ ಹೋದಾಗ, ಉಳಿದವರೆಲ್ಲ ದಡದಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರೆ ನಾನೊಬ್ಬಳು ದೋಣಿ ಹತ್ತಿ ಸಮುದ್ರಕ್ಕಿಳಿದು ಬಂದಿದ್ದೆ. ಹಳದಿ ಮೀನುಗಳ ನಡುವೆ ನಾನು ಹೆಬ್ಬೆರಳು ಎತ್ತಿ ಹಿಡಿದ ಫೋಟೋ ನಮ್ಮ ಅಂಗಡಿಯ ಗೋಡೆಯಲ್ಲಿ, ಪಂಪ್‌ಸೆಟ್ ಕ್ಯಾಲೆಂಡರಿನ ಪಕ್ಕ ಇತ್ತು.

ಮುಂದಿನ ಸಲ ಬೀಗಿತ್ತಿ ನಮ್ಮನೆಗೆ ಬಂದಾಗ ಆ ಫೋಟೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದರು.

"ಎಷ್ಟು ಆಳ ಇಳಿದಿದ್ರಿ?"

"ಗೊತ್ತಿಲ್ಲ ಅಕ್ಕಾವ್ರೆ. ಆಳ ಇತ್ತು."

"ಹತ್ತುವಾಗ ಗಾಳಿ ಎಷ್ಟು ಉಳಿದಿತ್ತು?"

"ಅದನ್ನ ಕರ್ಕೊಂಡು ಹೋದವ್ರು ನೋಡ್ಕೊಳ್ತಾರೆ ಅಲ್ವಾ?"

"ಅವರು ನಿಮ್ಮ ಹಿಂದೆ ಇದ್ರಾ, ಸಿಲಿಂಡರಿನ ಕುತ್ತಿಗೆ ಹಿಡ್ಕೊಂಡು?"

ಇದ್ದರು. ಫೋಟೋದಲ್ಲಿ ನನ್ನ ಭುಜದ ಹಿಂದೆ ಅವರ ಕೈಬೆರಳು ಕಾಣುತ್ತಿತ್ತು. ಬೀಗಿತ್ತಿ, ಹೆಬ್ಬೆರಳು ಮೇಲೆ ಮಾಡಿದರೆ ನೀರಿನಲ್ಲಿ "ಚೆನ್ನಾಗಿದ್ದೇನೆ" ಎಂದು ಅರ್ಥವಲ್ಲ, "ಸಾಕು, ಮೇಲೆ ಹೋಗೋಣ" ಎಂದು ಅರ್ಥ ಎಂದಷ್ಟೇ ತಿಳಿಸಿದರು. ಮೆಲ್ಲಗೆ, ನಗುತ್ತಲೇ ಹೇಳಿದರು. ಆದರೆ ನನಗೆ ಚುಚ್ಚಿತು. ಎರಡು ವರ್ಷದಿಂದ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದ ಫೋಟೋದಲ್ಲಿ ನಾನು ಕೇಳುತ್ತಿದ್ದದ್ದು ಮನೆಗೆ ಕಳಿಸಿ ಎಂದು! ಅವರು ಹೋದ ಮೇಲೆ ಯಜಮಾನರ ಎದುರು ಸಿಡುಕಿದೆ. "ಜಂಬ ನೋಡಿ. ಗಂಡಿನ ತಾಯಿ ಅಂತ ಇರಬೇಕು."

ಆ ಹಟದಲ್ಲೇ ಕರಾವಳಿಗೆ ಹೋಗಿ, ನಾಲ್ಕು ದಿನ ಇದ್ದು, ಸರಿಯಾದ ತರಬೇತಿ ಪಡೆದು ಸರ್ಟಿಫಿಕೇಟು ತಂದೆ. ಗೋವಾಕ್ಕೆ ಹೋಗುವ ಪರಿಚಯದವರ ಕೈಯಲ್ಲಿ ಸಾಮಾನನ್ನೂ ತರಿಸಿದೆ. ಕಾಲಿಗೆ ತೊಡುವ ಗುಲಾಬಿ ಬಣ್ಣದ ರೆಕ್ಕೆಗಳು, ಗುಲಾಬಿ ಅಂಚಿನ ಕನ್ನಡಕ, ಏಳೆಂಟು ಜೇಬುಗಳಿದ್ದ ಗಾಳಿ ತುಂಬುವ ಜಾಕೆಟ್ಟು, ತೂಗುಬಿಡಲು ಬಗೆಬಗೆಯ ಕೊಕ್ಕೆಗಳು, ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ಚಾಕು. ಎಲ್ಲವನ್ನೂ ಡಿಕ್ಕಿಗೆ ತುಂಬಿಕೊಂಡು ಗಾಳಿಬೀಡಿಗೆ ಹೋದೆ. ಜನವರಿಯ ಒಳ್ಳೆ ಬಿಸಿಲು. ಬೀಗಿತ್ತಿ ಕಾಫಿ ಒಣಹಾಕುವ ಕಣದಲ್ಲಿ ಒಂದು ಟಾರ್ಪಾಲು ಹಾಸಿ ಅವನ್ನೆಲ್ಲ ಸಾಲಾಗಿ ಇಡಿಸಿದರು. ಆಮೇಲೆ ಒಂದೊಂದನ್ನೇ ಎತ್ತಿ ಕೇಳಿದರು, "ಇದು ಯಾವುದಕ್ಕೆ?"

ಚಾಕು ಎತ್ತಿದರು. "ಇದರಲ್ಲಿ ಯಾರನ್ನ ಕುಯ್ಯಲಿಕ್ಕೆ?"

"ಬಲೆಗಿಲೆ ಸಿಕ್ಕಿಹಾಕ್ಕೊಂಡ್ರೆ…"

"ಕಾಲಲ್ಲಿ ಕಟ್ಟಿದ್ರೆ ಇದೇ ಮೊದಲು ಬಲೆಗೆ ಸಿಕ್ಕಿಹಾಕೊಳ್ತದೆ. ಸಣ್ಣದು ಸೊಂಟದ ಪಟ್ಟಿಯಲ್ಲಿ ಇದ್ರೆ ಸಾಕು, ಎರಡೂ ಕೈಗೆ ಸಿಕ್ಕುವ ಜಾಗದಲ್ಲಿ. ಈ ಕೊಕ್ಕೆ? ಈ ಕೊಕ್ಕೆ? ಇದು?"

ಒಂದು ಗಂಟೆಯಲ್ಲಿ ನನ್ನ ಸಾಮಾನಿನ ಮುಕ್ಕಾಲು ಪಾಲು ಟಾರ್ಪಾಲಿನ ಆಚೆ ಬದಿಗೆ ಹೋಗಿತ್ತು. ಜೇಬುಗಳ ಜಾಕೆಟ್ಟಿನ ಬದಲು ಅವರ ಬಳಿ ಇದ್ದದ್ದು ಬೆನ್ನಿಗೆ ಒಂದು ಸ್ಟೀಲಿನ ಹಲಗೆ, ಅದಕ್ಕೆ ಪೋಣಿಸಿದ ಒಂದೇ ಉದ್ದನೆಯ ಪಟ್ಟಿ, ಹಿಂದುಗಡೆ ಗಾಳಿ ತುಂಬುವ ಒಂದು ಚೀಲ. ಬಾಯಿಗೆ ಇಟ್ಟುಕೊಳ್ಳುವ ಕೊಳವೆ ಆಳೆತ್ತರಕ್ಕಿಂತ ಉದ್ದ. ಇನ್ನೊಂದು ಗಿಡ್ಡ, ಅದು ಗಲ್ಲದ ಕೆಳಗೆ ರಬ್ಬರಿನ ಹಾರದಲ್ಲಿ ತಾಳಿಯ ಹಾಗೆ ತೂಗುತ್ತದೆ. ಗುಂಪಿನಲ್ಲಿ ಇಳಿಯುವ ಎಲ್ಲರ ಮೈಮೇಲೂ ಅದೇ ಸಾಮಾನು, ಅದೇ ಜಾಗದಲ್ಲಿ. ಒಬ್ಬರೇ ಇಳಿಯುವುದಿಲ್ಲ. ಪರೀಕ್ಷೆ ಮಾಡದೆ ಇಳಿಯುವುದಿಲ್ಲ. ಬೀಡಿ ಸಿಗರೇಟು ಸೇದುವವರ ಜೊತೆ ಇಳಿಯುವುದಿಲ್ಲ.

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನ್ನ ಗುಲಾಬಿ ರೆಕ್ಕೆಗಳನ್ನು ನಾನೇ ಎತ್ತಿ ಆಚೆ ಬದಿಗೆ ಹಾಕಲು ಹೋದೆ.

"ಅದ್ಯಾಕೆ?" ಎಂದರು ಬೀಗಿತ್ತಿ.

"ನಿಮ್ಮದೆಲ್ಲ ಕಪ್ಪು ಅಲ್ವಾ? ಬಣ್ಣ ಆಗಲ್ಲ ತಾನೆ?"

"ಎಂಥ ಬಣ್ಣ ಮಾರಾಯ್ತಿ! ನಾನು ತಗೊಂಡ ಅಂಗಡಿಯಲ್ಲಿ ಕಪ್ಪು ಮಾತ್ರ ಇತ್ತು. ಇದು ಗಟ್ಟಿ ಉಂಟು, ಒಳ್ಳೇದುಂಟು. ಇಟ್ಕೊಳ್ಳಿ. ಪಟ್ಟಿ ಮಾತ್ರ ಬದಲಾಯಿಸುವ."

ಮನೆಗೆ ಬಂದವಳೇ ಕರಾವಳಿಯಲ್ಲಿ ನನಗೆ ಕಲಿಸಿದ್ದವರಿಗೆ ಫೋನು ಮಾಡಿದೆ. ನಲವತ್ತು ದಾಟಿದ ಒಳ್ಳೆಯ ಮನುಷ್ಯ ಅವರು. ಎಲ್ಲವನ್ನೂ ಕೇಳಿ, "ಓ, ಆ ಗುಂಪಿನವರಾ ಮೇಡಂ?" ಎಂದರು. "ಅವ್ರಿಗೆ ಬೇರೆಯವ್ರು ಮಾಡುದೆಲ್ಲ ತಪ್ಪೇ. ನೀರೊಳಗಿನ ಗುಹೆಗೆ ಹೋಗುವವ್ರ ಕಾನೂನು ತಂದು ಮೀನು ನೋಡ್ಲಿಕ್ಕೆ ಹೋಗುವವ್ರ ತಲೆಮೇಲೆ ಹಾಕ್ತಾರೆ. ದೋಣಿಯಲ್ಲಿ ಬಂದ್ರೂ ಮೂಲೆಯಲ್ಲಿ ಕೂತು ಲೆಕ್ಕ ಹಾಕ್ತಾ ಇರ್ತಾರೆ. ಒಂದು ನಗೂ ಇಲ್ಲ. ನೀವು ಅಲ್ಲೆಲ್ಲ ಸಿಕ್ಕಿಹಾಕೊಳ್ಳಬೇಡಿ."

ಆ ಪಂಥಕ್ಕೆ ಇಂಗ್ಲಿಷಿನಲ್ಲೊಂದು ಹೆಸರಿದೆ. ಕನ್ನಡದಲ್ಲಿ ಹೇಳುವುದಾದರೆ, ಮಾಡುವುದನ್ನು ಸರಿಯಾಗಿ ಮಾಡು ಎಂದಾಗುತ್ತದೆ. ಹೆಸರಿನಲ್ಲೇ ಜಗಳ ಇದೆ. ಅವರದು ಸರಿಯಾದರೆ ನಮ್ಮದು ಏನು? ಇದನ್ನು ನಾನು ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ವಿವರಿಸಿದಾಗ ಅವರು ರೊಟ್ಟಿ ಮುರಿಯುತ್ತಾ, "ಇದು ಮಡಿ ಕಣೇ," ಎಂದರು. "ಅದು ಮುಟ್ಟಂಗಿಲ್ಲ, ಇದು ಅಲ್ಲಿಡಂಗಿಲ್ಲ, ಅವ್ರ ಜೊತೆ ಕೂರಂಗಿಲ್ಲ. ನೀರೊಳಗಿನ ಮಡಿ." ಅಂದಿನಿಂದ ನಮ್ಮ ಮನೆಯಲ್ಲಿ ಬೀಗಿತ್ತಿಯ ಡೈವಿಂಗಿಗೆ ಮಡಿ ಎಂದೇ ಹೆಸರಾಯಿತು. ಬೀಗಿತ್ತಿಗೆ ಗೊತ್ತಾಗದ ಹಾಗೆ.

ಬಿಟ್ಟುಬಿಡಬಹುದಿತ್ತು. ಆದರೆ ಕೊಡಗಿನಲ್ಲಿ ಕೂತು ನೀರಿಗಿಳಿಯಲು ನನಗೆ ಬೇರೆ ಯಾರಿದ್ದರು? ಬೀಗಿತ್ತಿಯ ಅಣ್ಣನದೊಂದು ಕಲ್ಲಿನ ಕ್ವಾರಿ ಕುಶಾಲನಗರದ ಕಡೆ ಕೆಲಸ ನಿಂತು, ಮಳೆನೀರು ತುಂಬಿ ಹೊಂಡವಾಗಿತ್ತು. ಮಳೆಗಾಲ ಕಳೆದು ಮಣ್ಣು ತಳಕ್ಕೆ ಕೂತ ಮೇಲೆ ಆ ನೀರು ತಿಳಿಯಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗುವುದೆಂದಾಯಿತು. ಅಳಿಯನಿಗೆ ನೀರೆಂದರೆ ಮೊಣಕಾಲಿನಿಂದ ಮೇಲೆ ಬರಬಾರದು. ಅವನು ಹಗ್ಗ ಹಿಡಿದುಕೊಂಡು, ಫ್ಲಾಸ್ಕು ಪಕ್ಕದಲ್ಲಿಟ್ಟುಕೊಂಡು ಬಂಡೆಯ ಮೇಲೆ ಕೂರುತ್ತಿದ್ದ. ತನ್ನ ಅಮ್ಮ ಮತ್ತು ಅತ್ತೆ ಒಟ್ಟಿಗೆ ಮುಳುಗುವುದನ್ನು ನೋಡುವ ಭಾಗ್ಯ ಎಷ್ಟು ಅಳಿಯಂದಿರಿಗೆ ಸಿಕ್ಕೀತು!

ಮೊದಲ ಭಾನುವಾರವೇ ಒಂದು ಅವಾಂತರವಾಯಿತು. ಇಬ್ಬರೂ ಸಾಮಾನು ಕಟ್ಟಿಕೊಂಡಿದ್ದೆವು. ಬೀಗಿತ್ತಿ ಮಗನ ಜೊತೆ, "ಹಗ್ಗ ಸರಿ ಉಟ್ಟಾ?" ಎಂದು ಅರೆಭಾಷೆಯಲ್ಲಿ ಏನೋ ಮಾತಾಡುತ್ತಿದ್ದಾಗ ನಾನು ಉತ್ಸಾಹದಲ್ಲಿ ನೀರಿನ ಕಡೆ ಎರಡು ಹೆಜ್ಜೆ ಇಟ್ಟೆ.

"ಏ! ನಿಲ್ಲು ಅಲ್ಲಿ! ಎಲ್ಲಿಗೆ ಹೋಗ್ತಿ ನೀನು?"

ಕ್ವಾರಿಯ ನಾಲ್ಕೂ ಗೋಡೆಗೆ ಬಡಿದು ಆ "ನೀನು" ವಾಪಸು ಬಂತು. ಅಳಿಯ ಬಂಡೆಯ ಮೇಲೆ ಎದ್ದು ನಿಂತ. ಹೆಣ್ಣು ಕೊಟ್ಟವರಿಗೆ ಗಂಡಿನ ಕಡೆಯವರು ಏಕವಚನದಲ್ಲಿ ಗದರುವುದು ಸಣ್ಣ ಮಾತಲ್ಲ. ಅಷ್ಟಕ್ಕೇ ಮುರಿದುಹೋದ ನೆಂಟಸ್ತಿಕೆಗಳನ್ನು ನಾನು ಕಂಡಿದ್ದೇನೆ. ಬೀಗಿತ್ತಿಯ ಮುಖವೂ ಕೆಂಪಾಗಿತ್ತು. ಆದರೂ ಹತ್ತಿರ ಬಂದು, ಮೊದಲು ಮಾಡಬೇಕಾದ ಕೆಲಸ ಮಾಡಿದರು. ನನ್ನ ಬೆನ್ನ ಹಿಂದೆ ಕೈ ಹಾಕಿ ಸಿಲಿಂಡರಿನ ನಲ್ಲಿಯ ಕಿವಿ ತಿರುಗಿಸಿದರು. ಅದು ಪೂರ್ತಿ ತೆರೆದಿರಲಿಲ್ಲ. ಕಾಲು ಸುತ್ತಷ್ಟೇ ತೆರೆದಿತ್ತು. ದಡದಲ್ಲಿ ಉಸಿರು ಬರುತ್ತದೆ, ಆಳಕ್ಕೆ ಹೋದಂತೆ ಎಳೆದರೂ ಬರುವುದಿಲ್ಲ.

"ತಪ್ಪಾಯ್ತು," ಎಂದರು ಆಮೇಲೆ. "ಹಾಗೆ ಹೇಳಬಾರದಿತ್ತು ನಿಮಗೆ."

"ಅಕ್ಕಾವ್ರೆ, ನೀರಿನ ಹತ್ರ ನೀನು ಅನ್ನಿ. ಮನೇಲಿ ನೀವು ಅಂದ್ರೆ ಸಾಕು," ಎಂದೆ. ಅಳಿಯ ಕೂತುಕೊಂಡ. ಆ ಒಪ್ಪಂದ ಇವತ್ತಿಗೂ ಹಾಗೇ ನಡೆಯುತ್ತಿದೆ.

ಅವತ್ತು ಟೀ ಕುಡಿಯುವಾಗ ಅವರು ಥಿಯೇಟರಿನ ಒಂದು ಸಂಗತಿ ಹೇಳಿದರು. ಆಪರೇಷನ್ನಿಗೆ ಮುಂಚೆ ಹತ್ತಿಬಟ್ಟೆಯ ತುಂಡುಗಳನ್ನು ಎಣಿಸುತ್ತಾರೆ, ಹೊಲಿಗೆ ಹಾಕುವ ಮುಂಚೆ ಮತ್ತೆ ಎಣಿಸುತ್ತಾರೆ. ಒಮ್ಮೆ ಒಂದು ಕಡಿಮೆ ಬಂತು. ದೊಡ್ಡ ಡಾಕ್ಟರು, ನೀನು ಎಣಿಸಿದ್ದು ತಪ್ಪು, ಹೊಲಿಯುತ್ತೇನೆ ಎಂದರು. ಇವರು ಸೂಜಿ ಕೊಡಲಿಲ್ಲ. ಎಲ್ಲರೂ ಬೈದರು. ಕೊನೆಗೆ ಆ ತುಂಡು ರೋಗಿಯ ಹೊಟ್ಟೆಯೊಳಗೇ ಸಿಕ್ಕಿತು.

"ಡಾಕ್ಟರು ಕೆಟ್ಟವರಲ್ಲ," ಎಂದರು ಬೀಗಿತ್ತಿ. "ದಣಿದಿದ್ರು, ಅಷ್ಟೇ. ಮನುಷ್ಯರು ಮರೀತೇವೆ ಅಂತ ಗೊತ್ತಿದ್ದವರು ಮಾಡಿದ ಪದ್ಧತಿ ಅದು. ಗಲ್ಫಲ್ಲಿ ನನ್ನನ್ನು ಡೈವಿಂಗಿಗೆ ಕರ್ಕೊಂಡು ಹೋದವರು ಇದನ್ನೇ ಹೇಳಿದ್ರು, ನನಗೆ ಮನೆಗೆ ಬಂದ ಹಾಗಾಯ್ತು. ಹೆಸರು ಮಾತ್ರ ಕೆಟ್ಟದಿಟ್ಟಿದ್ದಾರೆ. ಜಂಬದವರೂ ಇದ್ದಾರೆ, ಇಲ್ಲ ಅಂತ ಹೇಳುದಿಲ್ಲ. ನಮ್ಮ ಥಿಯೇಟರಲ್ಲೂ ಇದ್ರು."

ನಾನು ಅವರನ್ನು ಜಂಬದವರು ಎಂದಿದ್ದ ಮಾತು ಅವರಿಗೆ ಹೇಗೋ ತಲುಪಿತ್ತೋ, ಅಥವಾ ತಾನಾಗಿ ಬಂತೋ, ಇವತ್ತಿಗೂ ಕೇಳಿಲ್ಲ.

ಮುಂದಿನ ಭಾನುವಾರಗಳಲ್ಲಿ ನನಗೆ ಒಂದೇ ಕೆಲಸ. ತಳದಿಂದ ಒಂದು ಮೊಳ ಮೇಲೆ, ಹೊಟ್ಟೆ ಕೆಳಗಾಗಿ ಅಡ್ಡ ಮಲಗಿದಂತೆ, ಅಲುಗಾಡದೆ ನಿಲ್ಲುವುದು. ಮೇಲೇಳಬಾರದು, ಕೆಳಗಿಳಿಯಬಾರದು, ಕೈ ಆಡಿಸಬಾರದು. ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕೂತು ಏಳುವವಳಿಗೆ ಐದು ನಿಮಿಷ ಸುಮ್ಮನಿರುವುದು ಎಂಥ ಶಿಕ್ಷೆ! ಕಾಲು ತಾನಾಗಿ ಒದೆಯುತ್ತಿತ್ತು. ತಳದ ಹೂಳು ಎದ್ದು ನನಗೆ ನನ್ನ ಕೈಯೇ ಕಾಣುತ್ತಿರಲಿಲ್ಲ. ಆ ಮಂಕಿನೊಳಗಿಂದ ಒಂದು ಪುಟ್ಟ ಸ್ಲೇಟು ನನ್ನ ಮುಖದ ಹತ್ತಿರ ಬರುತ್ತಿತ್ತು. ಅದರಲ್ಲಿ ಬರೆದಿರುತ್ತಿದ್ದದ್ದು ಒಂದೇ ಪದ: ಕಾಲು.

ಮೂರನೆಯ ವಾರವೂ ಕಾಲು. ನಾಲ್ಕನೆಯ ವಾರವೂ ಕಾಲು. ಐದನೆಯ ಭಾನುವಾರ ಏನಾಯಿತೋ, ಉಸಿರು ಎಳೆದರೆ ಒಂದು ಬೆರಳಷ್ಟು ಏಳುತ್ತಿದ್ದೆ, ಬಿಟ್ಟರೆ ಒಂದು ಬೆರಳಷ್ಟು ಇಳಿಯುತ್ತಿದ್ದೆ. ಅಷ್ಟೇ. ನೀರು ಕದಡಲಿಲ್ಲ. ಒಂದು ಸಣ್ಣ ಮೀನು ನನ್ನ ಕನ್ನಡಕದ ಗಾಜಿನೆದುರು ಬಂದು ನಿಂತು ನನ್ನನ್ನು ದಿಟ್ಟಿಸಿತು. ಬಂಡೆಯ ಮೇಲೆ ಯಾವ ಕಾಲದಲ್ಲೋ ಕೂಲಿಯವರು ಉಳಿಯಿಂದ ಕೊರೆದಿದ್ದ ಗೆರೆಗಳು ಸ್ಪಷ್ಟವಾಗಿ ಕಂಡವು. ನನ್ನ ಐವತ್ತೆರಡು ವರ್ಷದಲ್ಲಿ ಅಷ್ಟು ಹಗುರವಾಗಿ ನಾನು ಎಲ್ಲಿಯೂ ಇದ್ದದ್ದಿಲ್ಲ. ಸ್ಲೇಟು ಬಂತು: ಚೆಂದ!

ಆ ಪದ ಓದಿ ನಾನು ನಕ್ಕುಬಿಟ್ಟೆ. ನಕ್ಕರೆ ಕೆನ್ನೆ ಮಡಚಿಕೊಂಡು ಕನ್ನಡಕದೊಳಗೆ ನೀರು ನುಗ್ಗುತ್ತದೆ. ನನಗೆ ನುಗ್ಗಿತು. ಅದನ್ನು ನೋಡಿ ಬೀಗಿತ್ತಿಯೂ ನಕ್ಕರು, ಅವರ ಕನ್ನಡಕಕ್ಕೂ ನುಗ್ಗಿತು. ಇಬ್ಬರೂ ತಳದಲ್ಲಿ ಕನ್ನಡಕದ ನೀರು ಊದಿ ಊದಿ ತೆಗೆಯುತ್ತಿದ್ದಾಗ ಎದ್ದ ಗುಳ್ಳೆಗಳನ್ನು ನೋಡಿ ಅಳಿಯ ಮೇಲೆ ಹೆದರಿ ಹಗ್ಗ ಜಗ್ಗಿದ.

ಉಳಿದದ್ದು ಆ ಉದ್ದ ಕೊಳವೆಯ ಪಾಠ. ಗಾಳಿ ಮುಗಿದವರಿಗೆ ಕೊಡುವುದು ಗಲ್ಲದ ಕೆಳಗೆ ತೂಗುವ ಗಿಡ್ಡದನ್ನಲ್ಲ, ನಮ್ಮ ಬಾಯಲ್ಲಿರುವುದನ್ನೇ. ಕೊಟ್ಟು, ಆ ಗಿಡ್ಡದನ್ನು ನಾವು ಹಾಕಿಕೊಳ್ಳುವುದು. ಇದನ್ನು ಮೊದಲು ದಡದಲ್ಲಿ ನಿಂತು ಅಭ್ಯಾಸ ಮಾಡಬೇಕಿತ್ತು. ಬೀಗಿತ್ತಿ ತಮ್ಮ ಬಾಯಿಂದ ತೆಗೆದು ನನ್ನೆಡೆಗೆ ಚಾಚಿದರು. ನನ್ನ ಬಾಯಿ ತೆರೆಯಲಿಲ್ಲ.

"ಎಂಥ ಆಯ್ತು?"

"ಎಂಜಲಲ್ವಾ ಅಕ್ಕಾವ್ರೆ?"

ಹೇಳಿದ ಮೇಲೆ ನಾಚಿಕೆಯಾಯಿತು. ಬೀಗಿತ್ತಿ ಬಂಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮಗೆ ಹೊಸ ಪಾತ್ರೆಯಲ್ಲಿ ಬೇಯಿಸಿ ಬಡಿಸಿದವಳು ನಾನೇ. ನೀರಿನ ಒಳಗೆ ಮಾತ್ರ ನನ್ನ ಎಂಜಲೇ ಗತಿ. ಯಾಕೆ ಹೇಳು? ನನ್ನ ಬಾಯಲ್ಲಿ ಇರುವುದು ಕೆಲಸ ಮಾಡ್ತಾ ಉಂಟು ಅಂತ ನನಗೆ ಗೊತ್ತುಂಟು. ತೂಗ್ತಾ ಇರುವುದಕ್ಕೆ ಮಣ್ಣು ಹೋಗಿದ್ರೆ? ಹೆದರಿದವರಿಗೆ ಕೊಡುವಾಗ ಒಳ್ಳೇದನ್ನೇ ಕೊಡಬೇಕು. ಹೆದರದೆ ಇರುವವರು ಇನ್ನೊಂದನ್ನ ನಿಧಾನಕ್ಕೆ ನೋಡಿಕೊಳ್ಳಬಹುದು."

ನಾನು ಬಾಯಿ ತೆರೆದೆ. ಉಪ್ಪಿನಕಾಯಿಯ ಸಣ್ಣ ರುಚಿ ಇತ್ತು. ಬೆಳಿಗ್ಗೆ ಅಕ್ಕಿರೊಟ್ಟಿ ತಿಂದಿದ್ದರೇನೋ. ಮನೆಗೆ ಹೋಗುವಷ್ಟರಲ್ಲಿ ಈ ಸುದ್ದಿ ಅಳಿಯನಿಂದ ಮಗಳಿಗೆ, ಮಗಳಿಂದ ನನ್ನ ಅತ್ತೆಗೆ ಮುಟ್ಟಿತ್ತು. ಇವತ್ತು ನನಗೆ ಕಾದಿದೆ ಎಂದುಕೊಂಡೇ ಒಳಗೆ ಹೋದೆ. ಅತ್ತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ತಿರುಗಿಯೂ ನೋಡದೆ, "ತನ್ನ ಉಸಿರು ತೆಗೆದು ಕೊಡೋದು ಅಂದ್ರೆ ಅದಕ್ಕೆಂಥ ಮೈಲಿಗೆ ಬಿಡು," ಎಂದರು. ಯಜಮಾನರು ಆಮೇಲೆ ಮಡಿ ಎಂಬ ಮಾತನ್ನು ತಾವಾಗಿಯೇ ಬಿಟ್ಟರು.

ನನಗೆ ಕಂಡ ವ್ಯತ್ಯಾಸ ಬೇರೆ. ಮಡಿಯ ಮನೆಯಲ್ಲಿ ಯಾಕೆ ಎಂದು ಕೇಳಿದರೆ ಬೈಸಿಕೊಳ್ಳುತ್ತೇವೆ. ಇವರ ಹತ್ತಿರ ಕೇಳದಿದ್ದರೆ ಬೈಸಿಕೊಳ್ಳಬೇಕಿತ್ತು. ಒಂದು ಸಲ ಟಾರ್ಚಿನ ದಾರಕ್ಕೆ ಅವರು ಹಾಕುವ ಗಂಟನ್ನು ನೋಡಿ, ಇದೇ ಗಂಟು ಯಾಕೆ ಎಂದೆ. ಅವರು ಗಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಗೊತ್ತಿಲ್ಲ ನೋಡು. ನನಗೆ ಕಲಿಸಿದವರು ಹಾಗೇ ಹಾಕ್ತಿದ್ರು." ನಾವು ಹಗ್ಗ ಮಾರುವವರು. ಒದ್ದೆಯಾದರೂ ಜಾರದ, ಬೇಕೆಂದಾಗ ಬಿಚ್ಚಿಕೊಳ್ಳುವ ಇನ್ನೊಂದು ಗಂಟು ನನಗೆ ಗೊತ್ತಿತ್ತು. ಅವರು ಅದನ್ನು ಹತ್ತು ಸಲ ಜಗ್ಗಿ, ನೀರಲ್ಲಿ ಅದ್ದಿ, ಕೈಗವಸು ಹಾಕಿಕೊಂಡು ಬಿಚ್ಚಿ ನೋಡಿ, ಆ ಸಂಜೆಯೇ ತಮ್ಮ ಎಲ್ಲ ದಾರಗಳಿಗೂ ಅದನ್ನೇ ಹಾಕಿದರು. ಕುತ್ತಿಗೆಯ ರಬ್ಬರ್ ಹಾರ ಹರಿದಾಗ ಲಾರಿ ಟ್ಯೂಬು ಕತ್ತರಿಸಿ ಮಾಡಿಕೊಟ್ಟವಳೂ ನಾನೇ.

ಮಾರ್ಚಿನಲ್ಲಿ ಸಂಪಾಜೆ ಘಾಟಿ ಇಳಿದು ಸಮುದ್ರಕ್ಕೆ ಹೋದೆವು. ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ ದೂರದ ನೇತ್ರಾಣಿ ದ್ವೀಪದ ಹತ್ತಿರ. ದೋಣಿಯಲ್ಲಿ ಬೇರೆ ಹತ್ತು ಜನರಿದ್ದರು. ನಾವಿಬ್ಬರು ಒಬ್ಬರ ಪಟ್ಟಿಯನ್ನು ಒಬ್ಬರು ಎಳೆದು, ಒಂದೊಂದೇ ಸಾಮಾನು ಮುಟ್ಟಿ, ಹೆಸರು ಹೇಳಿ, ಗಾಳಿ ಎಷ್ಟಿದೆ ಎಂದು ಓದಿಕೊಳ್ಳುವುದನ್ನು ಅವರೆಲ್ಲ ಕುತೂಹಲದಿಂದ ನೋಡಿದರು. ಒಬ್ಬರು, "ಆಂಟಿಯವ್ರು ಯುದ್ಧಕ್ಕೆ ಹೊರಟಂಗಿದೆ," ಎಂದರು. ಬೀಗಿತ್ತಿ, "ಹೌದಪ್ಪ, ಮೀನುಗಳಿಗೆ ಹೇಳಿಟ್ಟಿರಿ," ಎಂದು ನಗಿಸಿದರು.

ಇಳಿದೆವು. ಕ್ವಾರಿಯಲ್ಲಿ ಯಾವ ಕಡೆ ನೋಡಿದರೂ ಬಂಡೆಯ ಗೋಡೆ ಇರುತ್ತಿತ್ತು. ಇಲ್ಲಿ ಗೋಡೆಯೇ ಇಲ್ಲ. ಮೂವತ್ತು ಅಡಿಯ ಹತ್ತಿರ ಕೆಳಗೂ ನೀಲಿ, ಪಕ್ಕದಲ್ಲೂ ನೀಲಿ. ಗಾಳಿ ಸರಿಯಾಗಿ ಬರುತ್ತಿತ್ತು, ಕಿವಿ ನೋಯುತ್ತಿರಲಿಲ್ಲ, ಚಳಿಯಿರಲಿಲ್ಲ. ಆದರೂ ಎದೆಯೊಳಗೆ ಏನೋ ಒಂದು ಬೇಡ ಎಂದಿತು. ಏನು ಎಂದು ನನಗೇ ಗೊತ್ತಿಲ್ಲ. ಅಷ್ಟು ದೂರದಿಂದ ಬಂದಿದ್ದೇವೆ, ಅವರ ಸಂತೋಷ ಹಾಳಾಗುತ್ತದೆ, ಸುಮ್ಮನಿರು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕೈ ಎತ್ತಿ ಹೆಬ್ಬೆರಳು ಮೇಲೆ ಮಾಡಿದೆ.

ಬೀಗಿತ್ತಿ ನನ್ನ ಮುಖ ನೋಡಿ, ಅದೇ ಕ್ಷಣದಲ್ಲಿ ತಾವೂ ಹೆಬ್ಬೆರಳು ಮೇಲೆ ಮಾಡಿದರು. ತಲೆ ಆಡಿಸಲಿಲ್ಲ, ಯಾಕೆ ಎಂದು ಕೈ ತಿರುಗಿಸಲಿಲ್ಲ. ನನ್ನ ಪಕ್ಕದಲ್ಲಿ, ನನ್ನ ಮಟ್ಟದಲ್ಲಿ, ನಿಧಾನಕ್ಕೆ, ನಡುವೆ ಮೂರು ನಿಮಿಷ ನಿಂತು, ಮೇಲೆ ಬಂದರು.

ದೋಣಿಯಲ್ಲಿ ಕೂತು ಪ್ರಶ್ನೆ ಬರಲಿ ಎಂದು ಕಾದೆ. ಉತ್ತರಗಳನ್ನೂ ಜೋಡಿಸಿಕೊಂಡಿದ್ದೆ. ಕಿವಿ ಎನ್ನಲೇ, ತಲೆಸುತ್ತು ಎನ್ನಲೇ? ಬೀಗಿತ್ತಿ ಚೀಲದಿಂದ ಕಿತ್ತಳೆ ತೆಗೆದು, ಸುಲಿದು, ಅರ್ಧ ನನ್ನ ಕೈಗಿಟ್ಟರು. "ಬಿಸಿಲಿಗೆ ಕೂತ್ಕೋ," ಎಂದರು.

ದೋಣಿಯವರಿಗೇ ತಡೆಯಲಾಗಲಿಲ್ಲ. "ಏನಾಯ್ತು ಅಮ್ಮ? ಕೊಡಗಿಂದ ಇಲ್ಲಿವರೆಗೆ ಬಂದು ಇಷ್ಟು ಬೇಗ ಹತ್ತಿದ್ರಲ್ಲ?"

"ಏನೂ ಆಗ್ಲಿಲ್ಲ," ಎಂದರು ಬೀಗಿತ್ತಿ. "ಸಾಕು ಅನ್ನಿಸ್ತು. ಬಂದೆವು."

ಸಾಕು ಅನ್ನಿಸಿದ್ದು ನನಗೆ. ಬಂದದ್ದು ನಾವು. ಮದುವೆಮನೆಯಲ್ಲಿ ಎರಡನೆಯ ಹೋಳಿಗೆ ಬೇಡ ಎಂದರೂ ನಾನು ಕಾರಣ ಕೊಟ್ಟವಳು. ತವರಿಂದ ಒಂದು ದಿನ ಮುಂಚೆ ಹೊರಟರೆ ಕಾರಣ, ಮೂರನೆಯ ಮಗು ಬೇಡ ಎಂದದ್ದಕ್ಕೆ ಊರಿಗೆಲ್ಲ ಕಾರಣ. ಇಲ್ಲಿ ಒಬ್ಬರು, ವರ್ಷವೆಲ್ಲ ಕಾದ ಸಮುದ್ರವನ್ನು ನನ್ನ ಒಂದು ಬೆರಳಿಗೆ ಬಿಟ್ಟುಕೊಟ್ಟು ಕಿತ್ತಳೆಯ ಬೀಜ ಉಗುಳುತ್ತಾ ಕೂತಿದ್ದರು. ನನಗೆ ಅಳು ಬಂತು. ಒದ್ದೆ ಮುಖದಲ್ಲಿ ಅದು ಯಾರಿಗೂ ಕಾಣಲಿಲ್ಲ ಎಂದುಕೊಂಡೆ.

"ಅಳಬೇಡ," ಎಂದರು ಅವರು ಮೆಲ್ಲಗೆ. "ಇವತ್ತು ನೀನು ಕಲಿತೆ. ಇನ್ನು ನಿನ್ನ ಜೊತೆ ಎಲ್ಲಿಗೆ ಬೇಕಾದ್ರೂ ಇಳೀತೇನೆ. ಬೇಡ ಅಂತ ಹೇಳ್ಲಿಕ್ಕೆ ಗೊತ್ತಿಲ್ಲದವರ ಜೊತೆ ನನಗೆ ಹೆದರಿಕೆ."

ಮಾರನೆಯ ದಿನ ಅದೇ ಜಾಗದಲ್ಲಿ ಮತ್ತೆ ಇಳಿದೆವು. ಎದೆ ಏನೂ ಹೇಳಲಿಲ್ಲ. ಬಂಡೆಗಳ ಮೇಲೆ ಒಂದು ಮೊಳ ಎತ್ತರದಲ್ಲಿ, ಯಾವುದನ್ನೂ ಮುಟ್ಟದೆ, ಕೆದಕದೆ ತೇಲಿದೆವು. ಕಿತ್ತಳೆ ಬಣ್ಣದ ಮೀನು, ನೇರಳೆ ಮೀನು, ಬಂಡೆಯ ಸಂದಿಯಿಂದ ಮುಖ ಮಾತ್ರ ಹಾಕಿದ ಹಾವಿನಂಥ ಮೀನು. ಕೊನೆಗೆ ಒಂದು ಆಮೆ. ತಟ್ಟೆಯಷ್ಟಲ್ಲ, ನಮ್ಮ ಅಂಗಡಿಯ ಮೇಜಿನಷ್ಟಿತ್ತು. ನಾವು ಅಲುಗಾಡದೆ ನಿಂತಿದ್ದರಿಂದ ಅದು ನಮ್ಮನ್ನೂ ಬಂಡೆಗಳೆಂದು ತಿಳಿಯಿತೋ ಏನೋ, ನಮ್ಮಿಬ್ಬರ ನಡುವಿನಿಂದಲೇ ಹಾದುಹೋಯಿತು. ಅದರ ಕಣ್ಣಿನ ಸುತ್ತಲಿನ ಸುಕ್ಕುಗಳನ್ನು ನಾನು ಎಣಿಸಬಹುದಿತ್ತು. ಬೀಗಿತ್ತಿ ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದರು. ಅರವತ್ತರ ಆ ಹೆಂಗಸು ಜಾತ್ರೆ ನೋಡುವ ಹುಡುಗಿಯ ಹಾಗೆ ಕಾಲು ಬಡಿಯಲು ಹೋಗಿ, ಕೂಡಲೇ ನೆನಪಾಗಿ ನಿಲ್ಲಿಸಿದ್ದನ್ನು ನಾನು ನೋಡಿದೆ. ಸ್ಲೇಟು ನನ್ನ ಬಳಿ ಇದ್ದಿದ್ದರೆ ಬರೆಯುತ್ತಿದ್ದೆ: ಕಾಲು.

ನಮ್ಮಿಬ್ಬರ ಹತ್ತಿರವೂ ಕ್ಯಾಮೆರಾ ಇರಲಿಲ್ಲ. ಊರಲ್ಲಿ ಆಮೆಯ ಗಾತ್ರವನ್ನು ಯಾರೂ ಪೂರ್ತಿ ನಂಬಿಲ್ಲ. ಯಜಮಾನರು ಮಾತ್ರ ಮೂರು ಸಲ ಕೇಳಿ ಕೇಳಿ ಹೇಳಿಸಿಕೊಂಡರು. ನಾಲ್ಕನೆಯ ಸಲ, "ನಾನೂ ಇಳೀಬಹುದಾ?" ಎಂದರು. ಅವರು ದಿನಕ್ಕೆ ಆರೇಳು ಸಿಗರೇಟು ಸೇದುವವರು. ಬೀಗಿತ್ತಿ ಒಂದೇ ಮಾತು ಹೇಳಿದರು. "ಅದನ್ನ ಬಿಟ್ಟು ಮೂರು ತಿಂಗಳು ಕಳೆದು ಬನ್ನಿ." ನಮ್ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ನಾನು ಹೇಳಿದ ಮಾತು ಅದು. ನಾನು ಹೇಳಿದಾಗ ಯಾರೂ ಆಮೆ ತೋರಿಸಿರಲಿಲ್ಲ.

ಬಿಟ್ಟರು. ಎರಡು ಸಲ ಕದ್ದು ಸೇದಿ, ಒಪ್ಪಿಕೊಂಡು, ಮತ್ತೆ ಬಿಟ್ಟರು. ಮಳೆಗಾಲ ಮುಗಿದು ಕ್ವಾರಿಯ ನೀರು ತಿಳಿಯಾದ ಮೇಲೆ, ಕಳೆದ ಭಾನುವಾರ, ಅವರ ಮೊದಲ ದಿನ. ಮೂವರೂ ಸಾಮಾನು ಹರಡಿಕೊಂಡು ಟಾರ್ಪಾಲಿನ ಸುತ್ತ ಕೂತೆವು. ಯಜಮಾನರು ಸ್ಟೀಲಿನ ಹಲಗೆ ಎತ್ತಿ, "ಇದು ಯಾಕೆ? ಅಲ್ಯೂಮಿನಿಯಂ ಯಾಕಾಗಲ್ಲ?" ಎಂದರು.

ಬೀಗಿತ್ತಿ ಹೇಳಿದರು. ಪಟ್ಟಿ ಒಂದೇ ಯಾಕೆ ಎಂದರು, ಬೀಗಿತ್ತಿ ಅದನ್ನೂ ಹೇಳಿದರು. ಕೊಳವೆಯ ಉದ್ದ ಯಾಕೆ, ಬಕಲ್ಲು ಎಡಕ್ಕೆ ಯಾಕೆ, ನಮ್ಮ ಅಂಗಡಿಯ ಕ್ಲಿಪ್ಪು ಹಾಕಿದರೆ ಯಾಕಾಗದು? ಬಿಸಿಲು ಏರಿತು. ಅಳಿಯ ಹಗ್ಗ ಸುತ್ತಿಟ್ಟು ಬಂಡೆಯ ನೆರಳಲ್ಲಿ ಮಲಗಿಬಿಟ್ಟ. ಬೀಗಿತ್ತಿಯ ಮುಖದಲ್ಲಿ ಬೇಸರದ ಸುಳಿವಿಲ್ಲ. ಇಂಥ ಗಿರಾಕಿಗಾಗಿ ಎಷ್ಟೋ ವರ್ಷ ಕಾದಿದ್ದವರ ಹಾಗೆ, ಟಾರ್ಪಾಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದನ್ನೂ ಬಿಚ್ಚಿ ತೋರಿಸುತ್ತಿದ್ದರು.

"ಬೀಗ್ರೆ, ಇವತ್ತು ಇಳಿಯುವುದು ಬೇಡ," ಎಂದರು ಕೊನೆಗೆ, ತುಂಬಾ ಸಂತೋಷದಿಂದ. "ಇನ್ನೂ ಎಂಥೆಂಥ ಕೇಳಲಿಕ್ಕುಂಟು, ಎಲ್ಲ ಕೇಳಿ."